ಧಾರೆ ಸೀರೆಯ ಪಾತಿ

ಕೋಳಿ ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ಸಾರು ಮಾಡಿ ಬಡಿಸಿದರೆ ಮೂಳೆ ಚೀಪುವವರೆಗೂ ತಿನ್ನುತ್ತೇನೆ, ಅದು ಬೇರೆ ಮಾತು. ಆದರೆ ಜೀವಂತ ಕೋಳಿಯೊಂದು ಕತ್ತು ಕೊಂಕಿಸಿಕೊಂಡು, ಕಾಲೆತ್ತಿ ಕಾಲಿಡುತ್ತಾ ಹಸಿ ಮಣ್ಣಿನ ಕಡೆ ಬಂತು ಅಂದರೆ ಮೈ ಉರಿದುಹೋಗುತ್ತದೆ. ತಿಪಟೂರಿನ ನಮ್ಮ ಮನೆಯ ಹಿಂದೆ ಇರುವುದು ಚಾಪೆ ಹಾಸುವಷ್ಟು ಜಾಗ. ದೀಪಾವಳಿ ಕಳೆದು ಬೆಳಗಿನ ಇಬ್ಬನಿ ಶುರುವಾಯಿತೋ ಇಲ್ಲವೋ, ನಾನು ಅಲ್ಲಿ ಮೆಂತ್ಯ, ದಂಟು, ಮೂಲಂಗಿ ಬೀಜ ಚೆಲ್ಲುತ್ತೇನೆ. ಚೆಲ್ಲಿದ ಮೇಲೆ ಮೊಳಕೆ ಕಾಣುವವರೆಗೆ ನಾನು ಮನುಷ್ಯಳಾಗಿರುವುದಿಲ್ಲ. ಪಕ್ಕದ ಮನೆಯವರ ಕೋಳಿಗೆ ಕಲ್ಲು, ಗುಬ್ಬಿಗೆ ಬೈಗುಳ, ಬೆಕ್ಕಿಗೆ ಪೊರಕೆ. ನಮ್ಮ ಯಜಮಾನರು ಅಂಗಡಿಯಿಂದ ಹಸಿರು ಬಲೆ ತಂದುಕೊಟ್ಟಿದ್ದಾರೆ. ಅದನ್ನು ಹೊದಿಸಿದ ಮೇಲೂ ಕುರ್ಚಿ ಹಾಕಿಕೊಂಡು ಕೂರುತ್ತೇನೆ.

"ಒಂದು ಕಟ್ಟು ಸೊಪ್ಪಿಗೆ ಇಷ್ಟು ಕಾವಲೇನೇ? ಸಂತೇಲಿ ತಂದ್ರಾಯ್ತಪ್ಪ," ಅನ್ನುತ್ತಾರೆ ಅವರು.

ಸಂತೆಯಲ್ಲಿ ಸಿಗುತ್ತದೆ, ನನಗೂ ಗೊತ್ತು. ಆದರೆ ಒಂದು ಸೊಪ್ಪಿನ ಪಾತಿ ಮೊಳೆಯದೆ ಹೋದರೆ ಒಬ್ಬ ಹೆಂಗಸಿನ ಗತಿ ಏನಾಗುತ್ತದೆ ಅನ್ನುವುದನ್ನು ಅವರು ನೋಡಿಲ್ಲ. ನಾನು ನೋಡಿದ್ದೇನೆ. ಆ ಹೆಂಗಸು ನನ್ನ ಅವ್ವ.

ತುರುವೇಕೆರೆ ಕಡೆಯ ನಮ್ಮೂರಿನಲ್ಲಿ ಅಪ್ಪ ಇನ್ನೊಬ್ಬಳನ್ನು ಮದುವೆಯಾಗಿ ಮನೆಗೇ ಕರೆದುಕೊಂಡು ಬಂದ. ಗಂಡು ಮಗುವಿಲ್ಲ ಅನ್ನುವುದು ನೆಪ. ಅವ್ವ ಸ್ವಲ್ಪ ದಿನ ಇಬ್ಬರಿಗೂ ಬೇಯಿಸಿ ಬಡಿಸಿದಳು. ಒಂದು ಬೆಳಗ್ಗೆ ಕಬ್ಬಿಣದ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು, ನನ್ನ ಕೈ ಹಿಡಿದುಕೊಂಡು ಬಸ್ಸು ಹತ್ತಿದಳು. ಇಳಿದದ್ದು ಶೆಟ್ಟಿಕೆರೆಯಲ್ಲಿ. ಅಲ್ಲಿಂದ ತೋಟದ ದಾರಿಯಲ್ಲಿ ನಡೆದರೆ ಅವ್ವನ ತವರು. ಅಜ್ಜಿಮನೆ ಅಂದರೆ ಬಾಯಿ ತುಂಬ ಹೊಗಳುವವರು ಬೇಕಾದಷ್ಟು ಜನ ಇದ್ದಾರೆ. ರಜಕ್ಕೆ ಹೋಗುವ ಅಜ್ಜಿಮನೆ ಬೇರೆ, ಇರಲಿಕ್ಕೆ ಹೋಗುವ ಅಜ್ಜಿಮನೆ ಬೇರೆ. ರಜದಲ್ಲಿ ನನ್ನನ್ನು ಎತ್ತಿ ಮುದ್ದಾಡಿದ್ದ ಮನೆಯೇ ಅದು. ನಡುಮನೆಯ ಮೇಲೆ ಅದೇ ಅಟ್ಟ, ಅಟ್ಟದ ತುಂಬ ಕೊಬ್ಬರಿಯಾಗಲೆಂದು ಒಣಗಲು ಬಿಟ್ಟ ಕಾಯಿ, ಇಲಿ ಓಡಾಡಿದರೆ ಉರುಳುವ ಅದೇ ಸದ್ದು. ಆದರೆ ಈಗ ನನಗೂ ಅವ್ವನಿಗೂ ಮಲಗುವ ಜಾಗ ಆ ಅಟ್ಟದ ಕೆಳಗೆ, ರಾಗಿ ಚೀಲಗಳ ಪಕ್ಕದಲ್ಲಿ. ಅವ್ವನ ಅಣ್ಣ, ನನ್ನ ಮಾವ, ನಮ್ಮ ಟ್ರಂಕನ್ನು ದಾಟಿಕೊಂಡು ಓಡಾಡುತ್ತಿದ್ದ, ಅದನ್ನು ಒಂದು ಕಡೆ ಎತ್ತಿಡಿ ಅನ್ನುತ್ತಿರಲಿಲ್ಲ. ಎತ್ತಿಟ್ಟರೆ ನಾವು ಅಲ್ಲೇ ಉಳಿದುಬಿಡುತ್ತೇವೆ ಅನ್ನುವ ಭಯ ಇತ್ತೇನೋ.

ಊಟದ ಹೊತ್ತು ಬಂದರೆ ಮಾವನ ಹೆಂಡತಿ, ನನ್ನ ಅತ್ತೆ, ಎಲ್ಲರ ತಟ್ಟೆಗೂ ಮುದ್ದೆ ಇಟ್ಟುಕೊಂಡು ಬರುವಳು. ನನ್ನ ತಟ್ಟೆಯ ಹತ್ತಿರ ಬಂದಾಗ ಅವಳ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಅಷ್ಟೇ. ಬೈದವಳಲ್ಲ, ಕಡಿಮೆ ಇಟ್ಟವಳೂ ಅಲ್ಲ. ಆದರೆ ಆ ನಿಂತ ಕೈಯನ್ನು ನೋಡಿದ ಮೇಲೆ ಮುದ್ದೆ ಗಂಟಲಲ್ಲಿ ಇಳಿಯಬೇಕಲ್ಲ! ಅತ್ತೆ ಕೆಟ್ಟವಳಲ್ಲ ಅಂತ ಈಗ ನೆಂಟರೆಲ್ಲ ಹೇಳುತ್ತಾರೆ. ಹೇಳಲಿ. ಅವರ ತಟ್ಟೆಯ ಮುಂದೆ ಆ ಕೈ ನಿಂತಿರಲಿಲ್ಲ. ಅವ್ವನಿಗೂ ಅವಳಿಗೂ ದಿನ ಬೆಳಗಾದರೆ ಒಂದು ಜಗಳ. ಹಂಡೆಗೆ ನೀರು ಯಾರು ತುಂಬಬೇಕು, ಹಾಲಿನ ಕೆನೆ ಏನಾಯಿತು, ಇಂಥವೇ. ಅಜ್ಜಿ ಇಬ್ಬರ ನಡುವೆ ಕೂತು ಎಲೆಯಡಿಕೆ ಕುಟ್ಟುತ್ತಿದ್ದಳು. ಮಗಳ ಪರ ಮಾತಾಡಿದರೆ ಸೊಸೆ ಮುನಿಯುತ್ತಾಳೆ, ಸೊಸೆಯ ಪರ ಮಾತಾಡಿದರೆ ಮಗಳು ಸಾಯುತ್ತಾಳೆ. ಪಾಪ, ಅವಳು ಕುಟ್ಟಾಣಿಯಲ್ಲಿ ಅಡಿಕೆ ನುಣ್ಣಗಾದ ಮೇಲೂ ಕುಟ್ಟುತ್ತಲೇ ಇರುತ್ತಿದ್ದಳು.

ದೀಪಾವಳಿಯಾದ ಮೇಲೆ ಒಂದು ಮಧ್ಯಾಹ್ನ ಉಣ್ಣುತ್ತಾ ಉಣ್ಣುತ್ತಾ ಮಾವ ತಟ್ಟೆಯನ್ನೇ ನೋಡಿಕೊಂಡು ಅವ್ವನ ಹತ್ತಿರ ಮಾತು ತೆಗೆದ.

"ಗಂಡ ಅಂದ್ಮೇಲೆ ಒಂದು ತಪ್ಪು ಮಾಡ್ತಾನೆ ಜಯ. ಹೊಂದ್ಕೊಂಡು ಹೋಗ್ಬೇಕು. ಸಂಕ್ರಾಂತಿ ಆಗ್ಲಿ, ನಾನೇ ಕರ್ಕೊಂಡೋಗಿ ಬುಟ್ಟು ಬತ್ತೀನಿ."

"ನಾನು ಹೋಗಲ್ಲ ಅಣ್ಣ."

"ಹೋಗ್ದೆ ಏನ್ಮಾಡ್ತೀಯ? ಇವಳ ಕೈಲಿ ಎಷ್ಟು ದಿನ ಅಂತ ಉಣ್ತೀಯ? ನಿಮ್ಮಿಬ್ರ ಜಗಳ ಕೇಳಿ ಕೇಳಿ ನಂಗೂ ಸಾಕಾಗೈತೆ."

"ಅತ್ತಿಗೆ ಕೈಲಿ ಉಣ್ಣಲ್ಲ. ನನ್ನ ಒಲೆ ನಾನು ಹೂಡ್ಕತೀನಿ. ಬಚ್ಚಲ ಹಿಂದೆ ಪಾಳು ಬಿದ್ದೈತಲ್ಲ, ಆ ಜಾಗ ಕೊಡು ಸಾಕು. ಸೊಪ್ಪು ಬೆಳ್ಕೊಂಡು, ಬುಟ್ಟೀಲಿ ಹೊತ್ತು ಮಾರ್ಕೊಂಡು ಬದುಕ್ತೀನಿ."

ಮಾವ ನಕ್ಕುಬಿಟ್ಟ. ನಮ್ಮ ಕಡೆ ತೋಟ ಅಂದರೆ ತೆಂಗು, ಬೆಳೆ ಅಂದರೆ ಕೊಬ್ಬರಿ. ಸೊಪ್ಪು ಸದೆ ಏನಿದ್ದರೂ ಹಿತ್ತಿಲ ಕಸ, ಹೆಂಗಸರ ಆಟ. ನಕ್ಕು ಮುಗಿಸಿ, ಕೈ ತೊಳೆದುಕೊಂಡು, ಅವನು ತೀರ್ಪು ಕೊಟ್ಟ.

"ಆಗ್ಲಿ. ಸಂಕ್ರಾಂತಿ ದಿನ ನಿನ್ನ ಒಲೆ ಮೇಲೆ ನೀನು ಬೆಳೆದಿದ್ದು ಬೇಯ್ತಾ ಇದ್ರೆ ಇರು, ನಾನೇನೂ ಅನ್ನಲ್ಲ. ಇಲ್ಲಾ ಅಂದ್ರೆ ಬಾಯಿ ಮುಚ್ಕೊಂಡು ಬಸ್ ಹತ್ಬೇಕು."

ಆವತ್ತೇ ಅವ್ವ ಗುದ್ದಲಿ ಹಿಡಿದಳು. ಆ ನೆಲ ನೆಲವೇ ಅಲ್ಲ, ತೆಂಗಿನ ಬೇರಿನ ಚಾಪೆ. ಗುದ್ದಲಿ ಹಾಕಿದರೆ ಪುಟಿದು ವಾಪಸು ಬರುತ್ತಿತ್ತು. ಬೇರು ಕಡಿದು, ಹೆಂಟೆ ಒಡೆದು, ತಿಪ್ಪೆಯ ಹಳೇ ಗೊಬ್ಬರ ಹೊತ್ತು ಹಾಕಿ, ಅಂಗೈಯ ಬೊಬ್ಬೆ ಒಡೆದು ರಕ್ತ ಬರುವಷ್ಟರಲ್ಲಿ ಒಂದು ಉದ್ದದ ಪಾತಿ ಆಯಿತು. ಬಚ್ಚಲ ನೀರು ಹರಿದುಬರಲು ಸಣ್ಣ ಕಾಲುವೆಯನ್ನೂ ತೋಡಿದಳು. ಬೀಜ ಅಜ್ಜಿಯವು. ಇಡೀ ಕರಟದ ಕಣ್ಣು ಕೊರೆದು, ಒಳಗೆ ಬೂದಿಯ ಜೊತೆ ಬೀಜ ತುಂಬಿ, ಸಗಣಿಯಿಂದ ಕಣ್ಣು ಮುಚ್ಚಿ ಅಡುಗೆಮನೆಯ ಹೊಗೆಗೆ ನೇತುಹಾಕಿದ್ದಳು. ಒಂದು ಕರಟ ಇಳಿಸಿ ಕೊಟ್ಟಳು. ಬಿತ್ತುವ ಮುಂಚೆ ಪಾತಿಯ ಸುತ್ತ ರಾಗಿ ಹಿಟ್ಟಿನ ಗೆರೆ ಎಳೆಸಿದಳು, ಇರುವೆಗಳಿಗೆ ಅಂತ.

"ಅವುಕ್ಕೂ ಹೊಟ್ಟೆ ಐತೆ ಕಣವ್ವ. ಮೊದ್ಲು ಅವುಕ್ಕೆ ಇಕ್ಕು. ಹೊಟ್ಟೆ ತುಂಬಿದ್ರೆ ನಿನ್ನ ಬೀಜದ ತಂಟೆಗೆ ಯಾಕೆ ಬತ್ತವೆ?"

ಇರುವೆಗಳು ಮಾತು ಉಳಿಸಿಕೊಂಡವು. ಹಿಟ್ಟು ಹೊತ್ತುಕೊಂಡು ಹೋದವು, ಬೀಜ ಮುಟ್ಟಲಿಲ್ಲ. ಮಾತಿಗೆ ತಪ್ಪಿದ್ದು ಕೋಳಿ. ಮಾರನೆಯ ಬೆಳಗ್ಗೆ ನಾನು ಹಿತ್ತಿಲಿಗೆ ಹೋದರೆ ಅತ್ತೆಯ ಕೋಳಿಗಳೆಲ್ಲ ಪಾತಿಯ ಮೇಲೆ ಇದ್ದವು. ಮಣ್ಣು ಹಿಂದಕ್ಕೆ ಎರಚುತ್ತಾ, ಗುಳಿ ಮಾಡಿಕೊಂಡು ಕೂತು ಮೈ ಉಜ್ಜುತ್ತಾ, ನೆಂಟರ ಮನೆಯ ಹಬ್ಬಕ್ಕೆ ಬಂದ ಹಾಗೆ ತಿನ್ನುತ್ತಿದ್ದವು. ನನ್ನ ಕಿರುಚಾಟಕ್ಕೆ ಅವ್ವ ಓಡಿಬಂದಳು. ಪಾತಿ ನೋಡಿದಳು. ಅಲ್ಲೇ ಕುಕ್ಕರಗಾಲಲ್ಲಿ ಕೂತು, ಉಳಿದ ಬೀಜವೇನಾದರೂ ಇದೆಯಾ ಅಂತ ಬೆರಳಲ್ಲಿ ಮಣ್ಣು ಕೆದಕತೊಡಗಿದಳು. ಆಮೇಲೆ ಎದ್ದು ಹೋಗಿ ಅತ್ತೆಯ ಮುಂದೆ ನಿಂತಳು.

"ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ. ಕೋಳೀನ ಸ್ವಲ್ಪ ದಿನ ಮುಚ್ಚಿ ಹಾಕಿ."

"ಮುಚ್ಚಿ ಹಾಕಿದ್ರೆ ಮೇಯೋದೇನು, ನನ್ನ ತಲೇನಾ? ಕೋಳಿಗೇನು ಗೊತ್ತು ಇದು ಯಾರ ಪಾತಿ ಅಂತ. ಕಟ್ಟಿ ಹಾಕೋಕೆ ಅದೇನು ಎಮ್ಮೆಯೇನೇ?"

ಬೇಲಿಗೆ ನಾಲ್ಕು ತೆಂಗಿನ ಗರಿ ಕೊಡಿಸು ಅಂತ ಅವ್ವ ಮಾವನನ್ನು ಕೇಳಿದಳು. ಮಾವ ಇಲ್ಲ ಅನ್ನಲಿಲ್ಲ, ತಾನೇ ಎಳೆದುತಂದು ಹಾಕಿದ. ಆದರೆ ಸಂಜೆ ಹೊತ್ತಿಗೆ ಆ ಗರಿಗಳು ಬಚ್ಚಲ ಒಲೆಯಲ್ಲಿ ಉರಿಯುತ್ತಿದ್ದವು. ಸೌದೆ ಇರಲಿಲ್ಲ ಕಣ್ರೀ ಅಂದಳು ಅತ್ತೆ. ತೆಂಗಿನ ತೋಟದ ನಡುವಿನ ಮನೆಯಲ್ಲಿ ಸೌದೆ ಇರಲಿಲ್ಲವಂತೆ! ಮಾವನಿಗೆ ಅರ್ಥವಾಗಿತ್ತು. ಅರ್ಥವಾಗದವನ ಹಾಗೆ ಸ್ನಾನಕ್ಕೆ ಹೋದ. ಮರುದಿನ ನೋಡಿದರೆ ಅವ್ವ ತೋಡಿದ್ದ ಕಾಲುವೆಗೂ ಮಣ್ಣಿನ ಅಡ್ಡ ಬಿದ್ದಿತ್ತು. ಬಚ್ಚಲ ನೀರು ಹಿಂದಿನಂತೆ ಆ ಕಡೆಯ ತೆಂಗಿನ ಸಸಿಗೆ ಹೋಗುತ್ತಿತ್ತು.

ಅಜ್ಜಿ ಎರಡನೆಯ ಕರಟ ಇಳಿಸಿದಳು. ಈ ಸಲ ಅವಳಿಗೇ ಒಂದು ಉಪಾಯ ಹೊಳೆಯಿತು. ಕಾಯಿ ಸುಲಿದ ಮಟ್ಟೆಯನ್ನು ಬಡಿದು ನಾರು ತೆಗೆದ ಮೇಲೆ ಕಂದು ಪುಡಿ ಉಳಿಯುತ್ತದಲ್ಲ, ಅದರ ಒಂದು ಗುಡ್ಡೆ ಕಣದ ಪಕ್ಕದಲ್ಲಿ ಬಿದ್ದಿತ್ತು. ಅದನ್ನು ಪಾತಿಯ ಮೇಲೆ ದಪ್ಪಗೆ ಹರಡಿದರೆ ಬೀಜ ಕೋಳಿಯ ಕಣ್ಣಿಗೆ ಬೀಳುವುದಿಲ್ಲ, ತೇವವೂ ಆರುವುದಿಲ್ಲ ಅಂದಳು. ತಾನು ಹುಡುಗಿಯಾಗಿದ್ದಾಗ ಕೆರೆ ಏರಿಯ ಹತ್ತಿರದ ಪುಡಿ ತಂದು ಹಾಗೆ ಮಾಡುತ್ತಿದ್ದರಂತೆ. ನಾನೂ ಅವ್ವನೂ ಮಂಕರಿಯಲ್ಲಿ ಹೊತ್ತು ಹೊತ್ತು ಹರಡಿದೆವು. ಬಾವಿಯಿಂದ ನೀರು ಸೇದಿ ತಂದು ಚಿಮುಕಿಸಿದೆವು. ಪಾತಿಯ ಅಂಚಿನಿಂದ ಟೀ ಡಿಕಾಕ್ಷನ್ನಿನಂಥ ಕೆಂಪು ನೀರು ಒಸರಿತು. ಕೋಳಿಗಳು ಬಂದು, ಒಂದೆರಡು ಸಲ ಕೆದಕಿ, ಏನೂ ಸಿಗದೆ ಹೊರಟುಹೋದವು. ಆಗ ಅವ್ವ ನಕ್ಕಳು. ಆ ಮನೆಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಮೊಳಕೆ ಬರಲಿಲ್ಲ. ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಅಂತ ಕಾದೆವು. ಮೆಂತ್ಯ ಅಂದರೆ ಕಣ್ಣುಮುಚ್ಚಿ ಬಿಡುವುದರೊಳಗೆ ಮೊಳೆಯುವ ಬೀಜ, ಅದೂ ತಲೆ ಎತ್ತಲಿಲ್ಲ. ಕೊನೆಗೆ ಅವ್ವ ಪುಡಿ ಸರಿಸಿ ನೋಡಿದಳು. ಬೀಜಗಳು ಊದಿಕೊಂಡು, ಸಿಪ್ಪೆ ಬಿಟ್ಟುಕೊಂಡು, ಮುಟ್ಟಿದರೆ ಪಿಚಕ್ಕೆನ್ನುವಂತೆ ಕೊಳೆತಿದ್ದವು. ಅಜ್ಜಿ ಹೇಳಿದ ಕೆರೆ ಏರಿಯ ಪುಡಿ ವರ್ಷಗಟ್ಟಲೆ ಮಳೆ ಕುಡಿದು ಕಪ್ಪಾದದ್ದು. ನಾವು ಹೊತ್ತದ್ದು ಹೊಸ ಮಟ್ಟೆಯದು. ಹೊಸ ಪುಡಿಯ ಒಗರು ಬೀಜವನ್ನು ಕೊಲ್ಲುತ್ತದೆ, ಈಗ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ತೆಂಗನ್ನು ನಂಬಿ ಬದುಕಿದ ಜನ ನಾವು. ನೀರು, ನೆರಳು, ಎಣ್ಣೆ, ಸೂರು, ಪೊರಕೆ ಎಲ್ಲಾ ಅದರಿಂದಲೇ. ಅದರಿಂದ ಬಂದದ್ದೊಂದು ಕೇಡು ಮಾಡೀತು ಅಂತ ಆ ಮನೆಯಲ್ಲಿ ಯಾರಿಗೆ ಹೊಳೆಯಬೇಕು? ಅಜ್ಜಿ ಆ ಕೊಳೆತ ಬೀಜವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ, ಅದೇ ಕೈಯಲ್ಲಿ ಹಣೆ ಹಣೆ ಬಡಿದುಕೊಂಡಳು.

"ನಾನೇ ನಿನ್ನ ಹೊಟ್ಟೆ ಮೇಲೆ ಹೊಡೆದ್ನಲ್ಲೇ ಜಯ. ಹೆತ್ತೋಳೇ ಹಿಂಗೆ ಮಾಡಿದ್ನಲ್ಲೇ."

ಅವ್ವ ಆವತ್ತು ಉಣ್ಣಲಿಲ್ಲ. ಸಂಕ್ರಾಂತಿ ಹತ್ತಿರವಾಗುತ್ತಿತ್ತು. ಹೊಲಗಳಲ್ಲಿ ಅವರೆ ಹೂಬಿಟ್ಟು ಸೊಗಡು ಊರೊಳಗೆ ಬರುತ್ತಿತ್ತು. ಮಧ್ಯಾಹ್ನ ಅವ್ವ ಮನೆಯಲ್ಲಿ ಕಾಣಲಿಲ್ಲ. ನಾನು ಹುಡುಕಿಕೊಂಡು ಹೋದರೆ ತೋಟದ ಬಾವಿಯ ಕಟ್ಟೆಯ ಮೇಲೆ ಕೂತಿದ್ದಳು. ಕಾಲು ಬಾವಿಯ ಕಡೆಗೆ ಇತ್ತು. ನನ್ನ ಎದೆ ಧಸಕ್ಕೆಂದಿತು. ಯಾಕೆ ಅಂತ ಆ ವಯಸ್ಸಿಗೆ ಗೊತ್ತಾಗಲಿಲ್ಲ, ಗೊತ್ತಾಗಲಿಲ್ಲ ಅಂದರೆ ಸುಳ್ಳು, ಗೊತ್ತಾಯಿತು. ಹಿಂದಿನಿಂದ ಹೋಗಿ ಅವಳ ಸೆರಗನ್ನು ನನ್ನ ಕೈಗೆ ಸುತ್ತಿ ಸುತ್ತಿ ಗಟ್ಟಿಯಾಗಿ ಹಿಡಿದುಕೊಂಡೆ.

"ಬುಡೇ. ನೀರು ಸೇದೋಕೆ ಬಂದೆ," ಅಂದಳು.

ಅವಳ ಕೈಯಲ್ಲಿ ಕೊಡ ಇರಲಿಲ್ಲ. ಪಕ್ಕದಲ್ಲೂ ಇರಲಿಲ್ಲ. ನಾನು ಸೆರಗು ಬಿಡಲಿಲ್ಲ. ಆಮೇಲೆ ಅವಳು ಕಾಲು ಈಚೆಗೆ ತೆಗೆದು ಇಳಿದಳು. ಇಳಿದವಳು ನನ್ನ ಕೈಗೆ ಸುತ್ತಿದ್ದ ಸೆರಗನ್ನೇ ನೋಡಿದಳು, ಹೊಸದಾಗಿ ನೋಡುವವಳ ಹಾಗೆ. ಬಾ ಅಂದಳು. ಸೀದಾ ನಡುಮನೆಗೆ ಬಂದು ಟ್ರಂಕು ತೆಗೆದಳು. ಒಳಗೆ ತಳದಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟ ಅವಳ ಧಾರೆ ಸೀರೆ ಇತ್ತು. ಅಪ್ಪನ ಕಡೆಯವರು ತಂದದ್ದು, ಧಾರೆ ಎರೆಯುವಾಗ ಉಟ್ಟದ್ದು. ಅರಿಶಿನ ಬಣ್ಣ, ಅಗಲವಾದ ಕೆಂಪು ಅಂಚು. ಆ ಮನೆ ಬಿಟ್ಟು ಬರುವಾಗಲೂ ಅವಳು ಅದನ್ನು ಬಿಟ್ಟುಬಂದಿರಲಿಲ್ಲ. ಅಜ್ಜಿಯ ಬಳಿ ಉಳಿದಿದ್ದ ಕಡೆಯ ಕರಟವನ್ನು ಅವಳೇ ಇಳಿಸಿಕೊಂಡಳು. ಮಟ್ಟೆ ಪುಡಿಯನ್ನೆಲ್ಲ ಬಾಚಿ ತೆಗೆದು, ಮಣ್ಣನ್ನು ಮತ್ತೆ ಅಗೆದು, ಬೀಜ ಚೆಲ್ಲಿ, ಅದರ ಮೇಲೆ ಆ ಸೀರೆಯನ್ನು ಮಡಿಕೆ ಬಿಡಿಸಿ ಹಾಸಿದಳು. ಸುತ್ತ ಕಲ್ಲು ಹೇರಿದಳು. ತಂಬಿಗೆಯಲ್ಲಿ ನೀರು ತಂದು ಸೀರೆಯ ಮೇಲೆಯೇ ಚಿಮುಕಿಸಿದಳು. ಕೆಂಪು ಅಂಚು ಬಣ್ಣ ಬಿಟ್ಟು ಮಣ್ಣಿಗೆ ಇಳಿಯಿತು.

ಅತ್ತೆ ಪಾತ್ರೆ ತೊಳೆಯಲು ಹಿತ್ತಿಲಿಗೆ ಬಂದವಳು ನೋಡಿ, ಪಾತ್ರೆ ಕೈಬಿಟ್ಟು ಕೂಗಿಕೊಂಡಳು.

"ಅಯ್ಯೋ ಮುಂಡೇದೇ! ಗಂಡ ಗುಂಡುಕಲ್ಲಿನಂಗೆ ಬದುಕಿರೋವಾಗ್ಲೇ ಧಾರೆ ಸೀರೆ ಮಣ್ಣಿಗೆ ಹಾಕವ್ಳಲ್ಲಪ್ಪೋ! ಬಂದು ನೋಡ್ರೋ ಈ ಮನೆಹಾಳು ಕೆಲ್ಸಾನ!"

ಮಾವ ಓಡಿಬಂದ. ಅಜ್ಜಿ ಗೋಡೆ ಹಿಡಿದುಕೊಂಡು ಬಂದಳು. ಮಾವನ ಮುಖ ಕಪ್ಪಿಟ್ಟಿತು.

"ತೆಗಿಯೇ ಅದನ್ನ. ಊರ ಜನ ನೋಡಿದ್ರೆ ಏನಂತಾರೆ? ತೆಗೀ ಅಂದೆ."

"ತೆಗಿಯಲ್ಲ ಅಣ್ಣ. ಇದನ್ನ ತೆಗೆದ್ರೆ ಉಟ್ಕೊಂಡು ಅವನ ಮನೆಗೆ ಹೋಗೋಕೇ ತೆಗೀಬೇಕು. ನೀನೇ ತೆಗೆದು ಕೊಡು ಹಂಗಾದ್ರೆ. ಉಟ್ಕೊಂಡು ಹೊರಡ್ತೀನಿ. ಆದ್ರೆ ಆ ಮನೆ ತನಕ ತಲುಪ್ತೀನಿ ಅಂತ ಮಾತ್ರ ನಂಬ್ಕೋಬೇಡ. ದಾರೀಲಿ ಕೆರೆ ಬಾವಿ ಎಲ್ಲಾ ಅವೆ."

ಅಜ್ಜಿ ಕುಸಿದು ಕೂತಳು. ಮಾವ ಒಂದು ಹೆಜ್ಜೆ ಮುಂದಿಟ್ಟ. ಬಗ್ಗಿ ಸೀರೆಯ ತುದಿಗೆ ಕೈ ಹಾಕಬೇಕಷ್ಟೆ. ಹಾಕಲಿಲ್ಲ. ನಮ್ಮ ಕಡೆ ಧಾರೆ ಸೀರೆಯನ್ನು ಉಟ್ಟವಳಲ್ಲದೆ ಬೇರೆಯವರು ಸುಮ್ಮನೆ ಎಳೆದಾಡುವುದಿಲ್ಲ, ತುಳಿಯುವುದಂತೂ ಇಲ್ಲವೇ ಇಲ್ಲ. ಅದಕ್ಕೆ ಅಪಚಾರವಾದರೆ ಅಪಚಾರ ಮಾಡಿದ ಮನೆಗೇ ಕೇಡು ಅಂತ ನಂಬಿಕೆ. ಮಾವ ಕೈ ಹಿಂದಕ್ಕೆ ತೆಗೆದುಕೊಂಡು, ಹೆಂಡತಿಯ ಮೇಲೆ ರೇಗಿ, ತೋಟಕ್ಕೆ ಹೊರಟುಹೋದ.

ಆಗ ನೋಡಬೇಕಿತ್ತು ನಮ್ಮ ಅತ್ತೆಯ ಪಾಡು. ಮಾವ ಹೋದ ಸ್ವಲ್ಪ ಹೊತ್ತಿಗೆ ಒಂದು ಹುಂಜ ಗತ್ತಿನಿಂದ ಪಾತಿಯ ಕಡೆ ನಡೆದುಕೊಂಡು ಬಂತು. ನಾನು ಕಲ್ಲೆತ್ತಿಕೊಳ್ಳುವ ಮೊದಲೇ ಅತ್ತೆ ಪೊರಕೆ ಹಿಡಿದು ಹಾರಿದಳು.

"ಹುಶ್! ಹುಶ್! ಅದ್ರ ಮೇಲೆ ಹೇತ್ರೆ ಆ ಪಾಪ ಯಾರಿಗೆ ಸುತ್ಕೊಳ್ಳೋದು? ನನ್ನ ಮಕ್ಕಳು ಮರಿ ಉಳೀಬೇಕೋ ಬ್ಯಾಡ್ವೋ?"

ಸಂಜೆಯೊಳಗೆ ಅವಳ ಕೋಳಿಗಳೆಲ್ಲ ಮಂಕರಿಯ ಕೆಳಗಿದ್ದವು. ಮೇಲೆ ರುಬ್ಬುವ ಗುಂಡು ಹೇರಿದ್ದಳು. ಕಾಲಿಗೆ ಬಿದ್ದು ಬೇಡಿಕೊಂಡಾಗ ಮುಚ್ಚದ ಕೋಳಿಯನ್ನು ಹೆದರಿಕೊಂಡು ಮುಚ್ಚಿದಳು. ದಿನವೂ ಗೊಣಗುತ್ತಾ ಅವಕ್ಕೆ ಕಾಳು ಹಾಕುವಳು, ಗುಬ್ಬಿ ಬಂದು ಸೀರೆಯ ಮೇಲೆ ಕೂತರೆ ಅದನ್ನೂ ತಾನೇ ಓಡಿಸುವಳು. ನಮ್ಮ ಪಾತಿಗೆ ಅಂಥ ಕಾವಲುಗಾರ್ತಿ ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ. ಇಷ್ಟಾದರೂ ಅವ್ವನ ಮುಖದಲ್ಲಿ ನಗು ಬರಲಿಲ್ಲ. ಅವಳಿಗೆ ಗೊತ್ತಿತ್ತು, ಕರಟಗಳೆಲ್ಲ ಮುಗಿದಿವೆ, ಇದು ಹೋದರೆ ಇನ್ನು ಬೀಜವಿಲ್ಲ. ಬೆಳಗ್ಗೆ ಎದ್ದ ಕೂಡಲೇ ಹೋಗಿ ಪಾತಿಯ ಪಕ್ಕ ಕೂರುತ್ತಿದ್ದಳು, ಆದರೆ ಸೀರೆ ಎತ್ತಿ ನೋಡುತ್ತಿರಲಿಲ್ಲ. ನೋಡಲು ಅವಳಿಗೆ ಧೈರ್ಯ ಇರಲಿಲ್ಲ. ಕೊನೆಗೆ ನಾನೇ ಒಂದು ಕಲ್ಲು ಸರಿಸಿ, ಅಂಚು ಎತ್ತಿ, ಕೆನ್ನೆ ನೆಲಕ್ಕೆ ತಾಗಿಸಿ ಒಳಗೆ ಇಣುಕಿದೆ. ಕತ್ತು ಬಗ್ಗಿಸಿಕೊಂಡು, ಹಳದಿ ಹಳದಿಯಾಗಿ, ಸೀರೆಯನ್ನು ತಲೆಯಿಂದ ನೂಕುತ್ತಾ ಮೆಂತ್ಯ ಎದ್ದಿತ್ತು. ಅದರ ಪಕ್ಕ ಕೂದಲೆಳೆಯಷ್ಟು ಕೆಂಪಗೆ ದಂಟು.

"ಅವ್ವ, ಬಂದೈತೆ," ಅಂದೆ.

"ಸುಳ್ಳು ಹೇಳ್ಬೇಡ ಕಣೇ. ನನ್ನ ಕೈಲಿ ತಡ್ಕೊಳಕ್ಕಾಗಲ್ಲ."

"ನಿನ್ನಾಣೆ ಬಂದೈತೆ. ಬಾ ನೋಡು."

ಅವಳೂ ನನ್ನ ಪಕ್ಕದಲ್ಲಿ ಕೆನ್ನೆ ನೆಲಕ್ಕಿಟ್ಟು ಮಲಗಿ ನೋಡಿದಳು. ತಾಯಿ ಮಗಳು ಇಬ್ಬರೂ ಹಿತ್ತಿಲಲ್ಲಿ ಹಾಗೆ ಮಣ್ಣಿಗೆ ಮುಖ ಕೊಟ್ಟು ಬಿದ್ದುಕೊಂಡಿದ್ದನ್ನು ಅತ್ತೆ ಕಿಟಕಿಯಿಂದ ನೋಡಿ, ಇಬ್ಬರಿಗೂ ಹುಚ್ಚು ಹಿಡಿದಿದೆ ಅಂತ ಮಾವನಿಗೆ ಹೇಳಿದಳಂತೆ. ಮೊಳಕೆ ಬಂದ ಮೇಲೆ ಅವ್ವ ಸೀರೆಯನ್ನು ಎತ್ತಿ, ಕಡ್ಡಿಗಳನ್ನು ನೆಟ್ಟು, ಪಾತಿಯ ಸುತ್ತ ಬೇಲಿಯ ಹಾಗೆ ಸುತ್ತಿ ಕಟ್ಟಿದಳು. ಬಾವಿಯಿಂದ ನೀರು ಹೊತ್ತು ಹೊತ್ತು ಅವಳ ಸೊಂಟದಲ್ಲಿ ಕೊಡದ ಗುರುತು ಬಿತ್ತು. ಸಂಕ್ರಾಂತಿಯ ಹಿಂದಿನ ದಿನ ಮೆಂತ್ಯದ ಕಟ್ಟುಗಳನ್ನು ಬುಟ್ಟಿಯಲ್ಲಿ ಹೊತ್ತು ಶೆಟ್ಟಿಕೆರೆಯ ಬೀದಿಯಲ್ಲಿ ಮಾರಿ, ರಾಗಿ ಹಿಟ್ಟು, ಉಪ್ಪು, ಒಂದು ಮಡಕೆ ತಂದಳು.

ಹಬ್ಬದ ಬೆಳಗ್ಗೆ ದನದ ಕೊಟ್ಟಿಗೆಯ ಸೂರಿನ ಚಾಚಿನ ಕೆಳಗೆ ಅವಳು ಕಲ್ಲು ಹೂಡಿ ಒಲೆ ಹಚ್ಚಿದಳು. ದಂಟಿನ ಸೊಪ್ಪು ಇನ್ನೂ ಎಳೆಯದು, ಬೇರು ಸಮೇತ ಕಿತ್ತು ತೊಳೆದು ಮಡಕೆಗೆ ಹಾಕಿದಳು. ಒಳಗಿನಿಂದ ಮಾವ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಂಚೆ, ಹೆಗಲ ಮೇಲೆ ಟವಲು, ಬಸ್ಸಿಗೆ ಹೊರಡುವ ವೇಷ. ಅವನು ಒಲೆ ನೋಡಿದ, ಮಡಕೆಯೊಳಗೆ ಬಗ್ಗಿ ನೋಡಿದ, ಪಾತಿಯ ಸುತ್ತ ಬಿಸಿಲಿಗೆ ಬಿಳುಚಿಕೊಂಡು, ಹರಿದು, ಮಣ್ಣಾಗಿ ನಿಂತಿದ್ದ ಸೀರೆಯನ್ನು ನೋಡಿದ. ಅದನ್ನೇ ಬಹಳ ಹೊತ್ತು ನೋಡಿದ.

"ಅಣ್ಣ, ಉಂಡ್ಕೊಂಡು ಹೋಗು," ಅಂದಳು ಅವ್ವ.

ಮಾವ ಅಂಗಿ ಬಿಚ್ಚಿದ. ಕೊಟ್ಟಿಗೆಯ ಗೂಟಕ್ಕೆ ಅದನ್ನು ನೇತುಹಾಕಿ, ಅಲ್ಲೇ ಒರಗಿಸಿದ್ದ ಗುದ್ದಲಿ ತೆಗೆದುಕೊಂಡು ಬಚ್ಚಲ ಹಿಂದಕ್ಕೆ ಹೋದ. ಕಾಲುವೆಗೆ ಹಾಕಿದ್ದ ಮಣ್ಣಿನ ಅಡ್ಡವನ್ನು ಎರಡು ಏಟಿಗೆ ಕಿತ್ತು ಹಾಕಿದ. ಹಬ್ಬದ ಎಣ್ಣೆ ಸ್ನಾನದ ನೀರು, ಸೀಗೆಪುಡಿಯ ನೊರೆ ಹೊತ್ತುಕೊಂಡು, ಮತ್ತೆ ಅವ್ವನ ಪಾತಿಗೆ ಹರಿದುಬಂತು. ಅವ್ವ ಅದನ್ನು ನೋಡುತ್ತಾ ನೋಡುತ್ತಾ, ಸೌಟು ಕೈಯಲ್ಲಿ ಹಿಡಿದುಕೊಂಡೇ, ದೊಡ್ಡ ದನಿ ತೆಗೆದು ಅತ್ತಳು. ಅಪ್ಪ ಇನ್ನೊಬ್ಬಳನ್ನು ತಂದ ದಿನ ಅಳದವಳು, ಬಾವಿಕಟ್ಟೆಯ ಮೇಲೂ ಅಳದವಳು, ಊರಿಗೆಲ್ಲ ಕೇಳುವ ಹಾಗೆ ಅತ್ತಳು. ನಾನು ಏನು ಮಾಡಬೇಕೋ ತಿಳಿಯದೆ ಅವಳ ಸೆರಗು ಹಿಡಿದುಕೊಂಡು ನಿಂತಿದ್ದೆ. ಅಷ್ಟು ಹೊತ್ತಿಗೆ ಅಡುಗೆಮನೆಯ ಬಾಗಿಲಿಗೆ ಅತ್ತೆ ಬಂದಳು. ಮೂಗು ಅರಳಿಸಿ ಗಾಳಿ ಮೂಸಿ ನೋಡಿ, ಅಲ್ಲಿಂದಲೇ ಗದರಿದಳು.

"ಅಳೋದು ಆಮೇಲೆ ಇಟ್ಕೊಳ್ಳೇ. ನಿನ್ನ ಒಲೆ ನೋಡ್ಕೊ, ಸಾರು ಸೀಯ್ತಾ ಐತೆ."